ಟವಲಿನ ಹೊರಗೆ ನಿಂತವರು

ಬೇರೆ ದೇಶದೊಂದಿಗೆ ವ್ಯಾಪಾರ ಒಪ್ಪಂದದ ಮಾತುಕತೆಗೆ ಕುಳಿತ ಸರ್ಕಾರದ ಕೈಯನ್ನು ಒಳಗಿನವರು ಕಟ್ಟಿಹಾಕಬಾರದು ಎಂಬ ಅಭಿಪ್ರಾಯ ನಮ್ಮ ಓದಿದ ವರ್ಗದಲ್ಲಿ ಚರ್ಚೆಯೇ ಬೇಡವೆನ್ನುವಷ್ಟು ಬೇರೂರಿದೆ. ಸಂಪಾದಕೀಯಗಳಲ್ಲಿ, ಉದ್ಯಮ ಸಂಘಟನೆಗಳ ಮನವಿಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ ಅದು ಬೇರೆ ಬೇರೆ ರೂಪದಲ್ಲಿ ಬರುತ್ತದೆ: ಸಂಧಾನ ಗುಟ್ಟಾಗಿ ನಡೆಯಬೇಕು, ಪರಿಣತರಿಗೆ ಬಿಡಬೇಕು, ರಾಜಕೀಯ ಬೆರೆಸಬಾರದು, ಸರ್ಕಾರ ಗಟ್ಟಿಯಾಗಿದ್ದರೆ ಒಳ್ಳೆಯ ಒಪ್ಪಂದ ತಾನಾಗಿ ಬರುತ್ತದೆ. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಆರ್‌ಸಿಇಪಿ ಎಂಬ ಪ್ರಾದೇಶಿಕ ಒಪ್ಪಂದದಿಂದ ಹೊರಬಂದದ್ದನ್ನು ಈ ವಾದದವರು ಮತ್ತೆ ಮತ್ತೆ ಎತ್ತಿ ತೋರಿಸುತ್ತಾರೆ. ಏಳು ವರ್ಷ ಕೂತು ಬರೆದ ಕರಡನ್ನು ಹಾಲು ಒಕ್ಕೂಟಗಳು, ರೈತ ಸಂಘಗಳು, ವಿರೋಧ ಪಕ್ಷಗಳು ಸೇರಿ ಕೊನೆಯ ಗಳಿಗೆಯಲ್ಲಿ ಕೆಡಿಸಿದವು. ಉಳಿದ 15 ದೇಶಗಳು ಮರುವರ್ಷ ಸಹಿ ಹಾಕಿ ಮುಂದೆ ಹೋದವು, ನಾವು ಹಿಂದೆ ಉಳಿದೆವು ಎನ್ನುವುದು ಅವರ ಲೆಕ್ಕ. ಈ ಅಭಿಪ್ರಾಯದೊಳಗೆ ಮೂರು ಬೇರೆ ಬೇರೆ ನಂಬಿಕೆಗಳು ಸಿಕ್ಕುಗಟ್ಟಿವೆ: ಸ್ವಾತಂತ್ರ್ಯವೇ ಬಲ, ಗುಟ್ಟು ಎದುರಾಳಿಯಿಂದ ಕಾಪಾಡುತ್ತದೆ, ಬಾಗಿಲು ಹಾಕಿದರೆ ರಾಜಕೀಯ ಹೊರಗುಳಿಯುತ್ತದೆ. ಮೂರನ್ನೂ ಬಿಡಿಸಿ ನೋಡಬೇಕು.

ಮೊದಲು ಆ ವಾದದ ಗಟ್ಟಿಯಾದ ರೂಪವನ್ನೇ ತೆಗೆದುಕೊಳ್ಳೋಣ. ಆಮದು ಸುಂಕ ಇಳಿದಾಗ ನಷ್ಟ ಕೆಲವರ ತಲೆಯ ಮೇಲೆ ಒಟ್ಟಿಗೆ ಬೀಳುತ್ತದೆ, ಲಾಭ ಕೋಟ್ಯಂತರ ಜನರಲ್ಲಿ ಚೂರುಚೂರಾಗಿ ಹಂಚಿಹೋಗುತ್ತದೆ. ಅಡುಗೆ ಎಣ್ಣೆಯ ಬೆಲೆ ತುಸು ಇಳಿಯಲೆಂದು ಯಾವ ಗೃಹಿಣಿಯೂ ದೆಹಲಿಗೆ ಹೋಗಿ ಧರಣಿ ಕೂರುವುದಿಲ್ಲ; ಇಳಿಯಬಾರದೆಂದು ಕೂರುವವರು ಇದ್ದೇ ಇರುತ್ತಾರೆ. ಸಣ್ಣ ಗುಂಪು ಬೇಗ ಸಂಘಟಿತವಾಗುತ್ತದೆ, ದೊಡ್ಡ ಗುಂಪು ಆಗುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಮ್ಯಾನ್ಸರ್ ಓಲ್ಸನ್ 1965ರಲ್ಲೇ ವಿವರವಾಗಿ ತೋರಿಸಿದ್ದ. ಚರಿತ್ರೆಯಲ್ಲಿ ಇದಕ್ಕೆ ಪುರಾವೆಯೂ ಇದೆ. 1930ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಸ್ಮೂಟ್-ಹಾಲೆ ಸುಂಕ ಕಾಯ್ದೆ ಮಾಡುವಾಗ ಒಂದೊಂದು ವಸ್ತುವಿನ ಸುಂಕವನ್ನೂ ಸದಸ್ಯರೇ ನಿಗದಿ ಮಾಡಿದರು. ನಿನ್ನ ಕ್ಷೇತ್ರದ ಸರಕಿಗೆ ನಾನು ಕೈ ಎತ್ತುತ್ತೇನೆ, ನನ್ನದಕ್ಕೆ ನೀನು ಎತ್ತು ಎಂಬ ಹಂಚಿಕೆಯಲ್ಲಿ ಸುಂಕದ ಗೋಡೆ ಏರುತ್ತ ಹೋಯಿತು; ಬೇರೆ ದೇಶಗಳೂ ಮುಯ್ಯಿಗೆ ಮುಯ್ಯಿ ಎಂದು ಗೋಡೆ ಎತ್ತಿದವು. ಮಹಾಕುಸಿತದ ನಡುವೆ ಪಾಠ ಕಲಿತ ಅದೇ ಸಂಸತ್ತು 1934ರಲ್ಲಿ ಸುಂಕ ಇಳಿಸುವ ಒಪ್ಪಂದ ಮಾಡಿಕೊಳ್ಳುವ ಅಧಿಕಾರವನ್ನು ಅಧ್ಯಕ್ಷ ರೂಸ್‌ವೆಲ್ಟ್‌ಗೆ ಒಪ್ಪಿಸಿತು. ಶಾಸನಸಭೆ ನೇರವಾಗಿ ಸುಂಕದ ದರಪಟ್ಟಿ ಬರೆಯಲು ಕೂತರೆ ಕೆಡುತ್ತದೆ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅಷ್ಟರಿಂದ ಮಾತುಕತೆಗೆ ಹೋದವರಿಗೆ ಯಾವ ಕಟ್ಟೂ ಇರಬಾರದೆಂಬ ತೀರ್ಮಾನ ಹುಟ್ಟುವುದಿಲ್ಲ. ದರಪಟ್ಟಿ ಬರೆಯುವುದು ಒಂದು ಕೆಲಸ, ಬರೆಯುವವರಿಗೆ ಎಲ್ಲೆ ಹಾಕಿಕೊಡುವುದು ಇನ್ನೊಂದು.

ಸ್ವಾತಂತ್ರ್ಯವೇ ಬಲ ಎಂಬ ಮಾತು ಮೇಲ್ನೋಟಕ್ಕೆ ಸರಿ ಎನಿಸುತ್ತದೆ. ಚೌಕಾಸಿಯ ತರ್ಕ ಅದಕ್ಕೆ ವಿರುದ್ಧವಾಗಿದೆ. ಏನು ಬೇಕಾದರೂ ಬಿಟ್ಟುಕೊಡುವ ಅಧಿಕಾರ ನಿಮಗಿದೆ ಎಂದು ಎದುರಾಳಿಗೆ ಗೊತ್ತಿದ್ದರೆ ಅವನು ಕೇಳುತ್ತಲೇ ಹೋಗುತ್ತಾನೆ. ನೀವು ಹೇಳುವ ಪ್ರತಿ ‘ಇಲ್ಲ’ವೂ ನಿಮ್ಮ ಇಷ್ಟದ ಮಾತಷ್ಟೇ, ಇಷ್ಟವನ್ನು ಬದಲಿಸಬಹುದು. ಮನೆಯಲ್ಲಿ ಒಪ್ಪುವುದಿಲ್ಲ ಎನ್ನುವ ‘ಇಲ್ಲ’ಕ್ಕೆ ಬೇರೆಯೇ ತೂಕ. ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1960ರಲ್ಲಿ ಈ ವಿರೋಧಾಭಾಸವನ್ನು ಎತ್ತಿ ತೋರಿಸಿದ; ರಾಜ್ಯಶಾಸ್ತ್ರಜ್ಞ ರಾಬರ್ಟ್ ಪಟ್ನಮ್ 1988ರಲ್ಲಿ ಅದನ್ನೇ ಬೆಳೆಸಿ, ಸಂಧಾನಕಾರ ಏಕಕಾಲಕ್ಕೆ ಎರಡು ಮೇಜಿನ ಮುಂದೆ ಕೂತಿರುತ್ತಾನೆ, ಒಂದು ಹೊರಗಿನವರದು, ಇನ್ನೊಂದು ತನ್ನವರದು ಎಂದು ವಿವರಿಸಿದ. ಅಮೆರಿಕದ ವ್ಯಾಪಾರ ಪ್ರತಿನಿಧಿಗಳು ದಶಕಗಳ ಕಾಲ ಎಲ್ಲೆಡೆ ಬಳಸಿದ ಅಸ್ತ್ರ ಇದೇ: ನನಗೇನೋ ಒಪ್ಪಿಗೆ, ಆದರೆ ನಮ್ಮ ಕಾಂಗ್ರೆಸ್ ಇದನ್ನು ಹಾಯಿಸುವುದಿಲ್ಲ.

ನಮ್ಮದೇ ಉದಾಹರಣೆ ಬೇಕೆಂದರೆ 2013ರ ಡಿಸೆಂಬರಿನ ಬಾಲಿ ಸಮಾವೇಶ ಇದೆ. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮದ ಪ್ರಕಾರ ಅಭಿವೃದ್ಧಿಶೀಲ ದೇಶಗಳು ಬೆಂಬಲ ಬೆಲೆ ಕೊಟ್ಟು ಖರೀದಿಸುವ ಧಾನ್ಯದ ಸಬ್ಸಿಡಿ ಆ ಬೆಳೆಯ ಒಟ್ಟು ಉತ್ಪಾದನಾ ಮೌಲ್ಯದ ಶೇ 10ನ್ನು ಮೀರುವಂತಿಲ್ಲ. ಅದನ್ನು ಲೆಕ್ಕ ಹಾಕುವುದು 1986-88ರ ಬೆಲೆಯನ್ನು ಆಧಾರವಾಗಿಟ್ಟು. ಮೂರು ದಶಕ ಹಿಂದಿನ ಬೆಲೆಯ ಎದುರು ಇವತ್ತಿನ ಬೆಂಬಲ ಬೆಲೆ ಇಟ್ಟರೆ ಬೆಂಬಲ ಬೆಲೆ ಕೊಡುವ ಬಡ ದೇಶ ಮಿತಿ ದಾಟಿದಂತೆಯೇ ಕಾಣುತ್ತದೆ. ಇದಕ್ಕೆ ನಾಲ್ಕು ವರ್ಷದ ತಾತ್ಕಾಲಿಕ ವಿನಾಯಿತಿ ಕೊಡುತ್ತೇವೆ ಎಂಬ ಪ್ರಸ್ತಾಪ ಮುಂದಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆಹಾರ ಭದ್ರತಾ ಕಾಯ್ದೆಗೆ ನಮ್ಮ ಸಂಸತ್ತು ಒಪ್ಪಿಗೆ ಕೊಟ್ಟಾಗಿತ್ತು. ಪಡಿತರದ ಅಕ್ಕಿಯನ್ನು ಬಾಲಿಯಲ್ಲಿ ಒತ್ತೆಯಿಟ್ಟು ದೆಹಲಿಗೆ ಮರಳಲು ಯಾವ ಪಕ್ಷದ ಸರ್ಕಾರಕ್ಕೂ ಸಾಧ್ಯವಿಲ್ಲ ಎಂಬುದು ಎದುರು ಕೂತ ಎಲ್ಲರಿಗೂ ಗೊತ್ತಿತ್ತು. ವಾಣಿಜ್ಯ ಸಚಿವ ಆನಂದ್ ಶರ್ಮಾ ಪಟ್ಟು ಬಿಡಲಿಲ್ಲ. ಶಾಶ್ವತ ಪರಿಹಾರ ಸಿಗುವ ತನಕ ವಿನಾಯಿತಿ ಎಂಬ ಮಾತು ಸಿಕ್ಕಿತು. ಮರುವರ್ಷ ಸರ್ಕಾರ ಬದಲಾಯಿತು, ಪಟ್ಟು ಬದಲಾಗಲಿಲ್ಲ. ಬಾಲಿಯ ಮಾತಿನಲ್ಲಿ ಉಳಿದಿದ್ದ ಅಸ್ಪಷ್ಟತೆಯನ್ನು 2014ರ ನವೆಂಬರಿನಲ್ಲಿ ಬರವಣಿಗೆಯಲ್ಲೇ ಸರಿಪಡಿಸಿಕೊಳ್ಳಲಾಯಿತು. ಈ ಇಡೀ ಪ್ರಸಂಗದಲ್ಲಿ ಭಾರತದ ಬಲ ಬಂದದ್ದು ಸಂಧಾನಕಾರರ ಸ್ವಾತಂತ್ರ್ಯದಿಂದಲ್ಲ, ಅವರನ್ನು ಕಟ್ಟಿದ್ದ ಒಂದು ಕಾಯ್ದೆಯಿಂದ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಕಟ್ಟುವುದೇ ಬಲವಾದರೆ ಎಲ್ಲವನ್ನೂ ಕಟ್ಟಿಬಿಡಬಹುದಲ್ಲ? ಹಾಗೆ ಮಾಡಿದವರಿಗೆ ಒಪ್ಪಂದವೇ ದಕ್ಕುವುದಿಲ್ಲ. ಹಾಲು ಮುಟ್ಟಬೇಡಿ, ಮೆಣಸು ಮುಟ್ಟಬೇಡಿ, ಉಕ್ಕು ಮುಟ್ಟಬೇಡಿ, ವಾಹನ ಮುಟ್ಟಬೇಡಿ ಎಂದರೆ ಎದುರಿನವರು ಎದ್ದು ಹೋಗುತ್ತಾರೆ. ಪಟ್ನಮ್ ಕೂಡ ಈ ಎರಡೂ ಮುಖಗಳನ್ನು ಒಟ್ಟಿಗೇ ಹೇಳಿದ್ದಾನೆ: ಒಳಗಿನ ಒಪ್ಪಿಗೆಯ ವಲಯ ಕಿರಿದಾದಷ್ಟೂ ಚೌಕಾಸಿಯ ಬಲ ಹೆಚ್ಚುತ್ತದೆ, ಒಪ್ಪಂದ ಮುರಿದುಬೀಳುವ ಅಪಾಯವೂ ಹೆಚ್ಚುತ್ತದೆ. ಹಾಗಾಗಿ ಕೇಳಬೇಕಾದದ್ದು ಕಟ್ಟು ಬೇಕೋ ಬೇಡವೋ ಎಂದಲ್ಲ; ಯಾವುದನ್ನು ಕಟ್ಟಬೇಕು, ಯಾರು ಕಟ್ಟಬೇಕು, ಯಾವಾಗ ಕಟ್ಟಬೇಕು ಎಂದು. ಈ ಮೂರರಲ್ಲಿ ನಮ್ಮಲ್ಲಿ ಯಾರೂ ಕೇಳದ ಪ್ರಶ್ನೆ ‘ಯಾವಾಗ’ ಎಂಬುದು.

ಆರ್‌ಸಿಇಪಿಯ ಕಥೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಮತ್ತೆ ಓದಿ. ಮಾತುಕತೆಗೆ ಚಾಲನೆ ಸಿಕ್ಕಿದ್ದು 2012ರ ನವೆಂಬರಿನಲ್ಲಿ, ಪ್ನೋಮ್ ಪೆನ್‌ನಲ್ಲಿ. ಆಸಿಯಾನ್‌ನ ಹತ್ತು ದೇಶಗಳ ಜತೆ ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಭಾರತ. ತನ್ನ ಹಾಲಿನಲ್ಲಿ ಶೇ 95ರಷ್ಟನ್ನು ರಫ್ತು ಮಾಡುವ ನ್ಯೂಜಿಲೆಂಡ್ ಮೇಜಿನಲ್ಲಿದೆ ಎಂಬುದು ಮೊದಲ ದಿನವೇ ಗೊತ್ತಿದ್ದ ಸಂಗತಿ. ಚೀನಾದೊಂದಿಗಿನ ನಮ್ಮ ವ್ಯಾಪಾರ ಕೊರತೆ ಬೆಳೆಯುತ್ತಲೇ ಇದೆ ಎಂಬುದೂ ಗೊತ್ತಿತ್ತು. 2018-19ರಲ್ಲಿ ಅದು 5 ಸಾವಿರ ಕೋಟಿ ಡಾಲರ್ ದಾಟಿತ್ತು. ಕೊನೆಯ ಹಂತದಲ್ಲಿ ಭಾರತ ಮುಂದಿಟ್ಟ ಬೇಡಿಕೆಗಳನ್ನು ನೋಡಿ: ಸುಂಕ ಇಳಿಕೆಗೆ 2014ರ ದರಗಳ ಬದಲು 2019ರ ದರಗಳನ್ನು ಆಧಾರ ಮಾಡಬೇಕು, ಆಮದು ಮಿತಿ ಮೀರಿದರೆ ಸುಂಕ ತಾನಾಗಿ ಏರುವ ವ್ಯವಸ್ಥೆ ಬೇಕು, ಸರಕಿನ ಮೂಲದೇಶದ ನಿಯಮ ಬಿಗಿಯಾಗಬೇಕು. ಒಂದೊಂದೂ ನ್ಯಾಯವಾದ ಬೇಡಿಕೆ. ಆದರೆ ಸಹಿಯ ಹೊತ್ತಿಗೆ ಬಂದು ಇವುಗಳಿಗೆ ಪಟ್ಟು ಹಿಡಿದರೆ ಎದುರಿನವರು ನಂಬುವುದಾದರೂ ಹೇಗೆ? ಹಾಲು ಮತ್ತು ಚೀನಾದ ಸರಕು ಈ ಎರಡರ ಬಗ್ಗೆ ಇಷ್ಟರಿಂದಾಚೆ ನಮಗೆ ಅಧಿಕಾರವಿಲ್ಲ ಎಂದು 2012ರಲ್ಲೇ ಸಂಸತ್ತು ಒಂದು ಗೊತ್ತುವಳಿ ಮಾಡಿದ್ದರೆ, ಉಳಿದ ದೇಶಗಳು ಕರಡನ್ನು ಆ ಗೆರೆಯ ಸುತ್ತ ಹೆಣೆಯಲು ಏಳು ವರ್ಷ ಸಿಗುತ್ತಿತ್ತು, ಇಲ್ಲವೇ ಭಾರತ ಬೇಡವೆಂದು ಆಗಲೇ ಹೇಳಲು ಅವಕಾಶವಿರುತ್ತಿತ್ತು. ಆ ಏಳು ವರ್ಷದಲ್ಲಿ ನಮ್ಮ ಸಂಸತ್ತು ಕರಡಿನ ಮೇಲೆ ಒಮ್ಮೆಯೂ ಮತ ಹಾಕಲಿಲ್ಲ. ಹಾಕಬೇಕೆಂಬ ನಿಯಮವೇ ಇಲ್ಲ. ಹೊರಬಂದದ್ದು ಸರಿ ಎಂದೇ ನನ್ನ ನಿಲುವು. ಆದರೆ ಅದನ್ನು ಒಳಗಿನ ರಾಜಕೀಯದ ಅತಿರೇಕವೆಂದು ಓದುವವರು ಕಾರಣವನ್ನು ತಲೆಕೆಳಗು ಮಾಡುತ್ತಿದ್ದಾರೆ. ಮೊದಲೇ ಕೇಳದೆ ಇದ್ದುದರಿಂದ ಜನ ಕೊನೆಗೆ ಬೀದಿಯಲ್ಲಿ ಹೇಳಬೇಕಾಯಿತು. ಮೊದಲೇ ಹೇಳಿದ ‘ಇಲ್ಲ’ಕ್ಕೆ ಚೌಕಾಸಿಯಲ್ಲಿ ಬೆಲೆ ಸಿಗುತ್ತದೆ, ಕೊನೆಗೆ ಹೇಳಿದರೆ ಒಪ್ಪಂದ ಮುರಿಯುತ್ತದೆ, ಅಷ್ಟೆ.

ಇನ್ನು ಗುಟ್ಟು. ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವಲಿನ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರೆ. ಆ ಟವಲು ಬೆಲೆಯನ್ನು ಮುಚ್ಚಿಡುವುದು ಯಾರಿಂದ? ಕೊಳ್ಳುವ ಕೈಗೂ ಮಾರುವ ಕೈಗೂ ಎಲ್ಲ ಗೊತ್ತು. ಗೊತ್ತಾಗದಿರುವುದು ಸುತ್ತ ನಿಂತು ನೋಡುವವರಿಗೆ. ಜಾತ್ರೆಯಲ್ಲಿ ಅದು ತಪ್ಪಲ್ಲ, ಯಾಕೆಂದರೆ ಎತ್ತೂ ಹಣವೂ ಟವಲಿನ ಒಳಗಿರುವವರಿಗೇ ಸಂಬಂಧಿಸಿದ್ದು. ವ್ಯಾಪಾರ ಒಪ್ಪಂದದಲ್ಲಿ ಮಾಲೀಕರೇ ಟವಲಿನ ಹೊರಗೆ ನಿಂತಿದ್ದಾರೆ. ನಾವು ಮುಂದಿಟ್ಟ ಪ್ರತಿ ಪ್ರಸ್ತಾಪವನ್ನೂ ಎದುರು ದೇಶದ ಅಧಿಕಾರಿಗಳು ಓದಿರುತ್ತಾರೆ, ತಮ್ಮ ಉದ್ಯಮದವರೊಂದಿಗೆ ಚರ್ಚಿಸಿಯೂ ಇರುತ್ತಾರೆ. ಓದದೆ ಉಳಿಯುವವರು ಕೊಡಗಿನ ಬೆಳೆಗಾರರು, ತಿರುಪ್ಪೂರಿನ ಕಾರ್ಮಿಕರು, ನಮ್ಮದೇ ಸಂಸದರು. ಭಾರತದೊಂದಿಗಿನ ಒಪ್ಪಂದಕ್ಕೆ ತಾನು ಇಟ್ಟ ಆರಂಭದ ಕರಡು ಪ್ರಸ್ತಾಪಗಳನ್ನು ಐರೋಪ್ಯ ಒಕ್ಕೂಟ 2022ರಲ್ಲಿ ಎಲ್ಲರೂ ಓದುವಂತೆ ಪ್ರಕಟಿಸಿತು. ಅಂದರೆ ಭಾರತದ ಪ್ರಜೆಯೊಬ್ಬ ಬ್ರಸೆಲ್ಸ್ ಏನು ಕೇಳಿತು ಎಂಬುದನ್ನು ಓದಬಹುದು. ದೆಹಲಿ ಏನು ಕೇಳಿತು ಎಂಬುದನ್ನು ಓದುವಂತಿಲ್ಲ. ಹಾಗೆ ಪ್ರಕಟಿಸಿದ್ದರಿಂದ ಬ್ರಸೆಲ್ಸ್‌ನ ಚೌಕಾಸಿ ಶಕ್ತಿ ಕುಗ್ಗಿತೆಂದು ನಮ್ಮ ಸಂಧಾನಕಾರರೂ ಹೇಳಲಾರರು.

ಗುಟ್ಟೇ ಬೇಡವೆಂದು ನನ್ನ ವಾದವಲ್ಲ. ಗುಟ್ಟು ಎಂಬ ಒಂದೇ ಹೊದಿಕೆಯ ಕೆಳಗೆ ನಾಲ್ಕು ಬೇರೆ ಕಾಗದಗಳನ್ನು ಇಡುತ್ತೇವೆ, ಅವನ್ನು ಬೇರ್ಪಡಿಸಬೇಕು.

1. ಗುರಿಪತ್ರ. ಈ ಮಾತುಕತೆಯಿಂದ ನಮಗೇನು ಬೇಕು, ಯಾವುದನ್ನು ಬಿಡುವುದಿಲ್ಲ ಎಂಬುದು. ಇದು ಎದುರಾಳಿಗೆ ಎಷ್ಟು ಬೇಗ ತಿಳಿದರೆ ಅಷ್ಟು ಒಳ್ಳೆಯದು.

2. ಮೇಜಿನ ಮೇಲಿಟ್ಟ ಪ್ರಸ್ತಾಪ. ಎದುರಾಳಿ ಆಗಲೇ ಓದಿರುವ ಕಾಗದ. ನಮ್ಮವರಿಂದ ಮುಚ್ಚಿಡಲು ಕಾರಣವಿಲ್ಲ.

3. ಒಪ್ಪಿದ ಪೂರ್ಣ ಕರಡು. ಸಹಿಗೆ ಮುನ್ನ ಓದಲು ಸಮಯ ಬೇಕಾದದ್ದು ಇದಕ್ಕೇ.

4. ಕೊನೆಯ ಅಂಚು. ಎಲ್ಲಿಯ ತನಕ ಇಳಿಯಬಹುದು, ಯಾವುದಕ್ಕೆ ಪ್ರತಿಯಾಗಿ ಯಾವುದನ್ನು ಬಿಡಬಹುದು ಎಂಬ ಒಳಗಿನ ಟಿಪ್ಪಣಿ. ಗುಟ್ಟಾಗಿ ಇರಬೇಕಾದದ್ದು ಇದೊಂದೇ.

ನಾಲ್ಕನೆಯದನ್ನು ಕಾಪಾಡಬೇಕೆಂಬ ಸರಿಯಾದ ಕಾರಣ ಹೇಳಿ ಉಳಿದ ಮೂರನ್ನೂ ಬೀರುವಿನಲ್ಲಿ ಇಡುತ್ತಿದ್ದೇವೆ. ನಮ್ಮ ಜತೆ ಒಪ್ಪಂದ ಮಾಡಿಕೊಂಡ ದೇಶಗಳು ಏನು ಮಾಡುತ್ತವೆ ನೋಡಿ. ಬ್ರಿಟನ್ನಿನೊಂದಿಗೆ 2025ರ ಜುಲೈ 24ರಂದು ಅಲ್ಲಿನ ಪ್ರಧಾನಿಯ ಗ್ರಾಮೀಣ ನಿವಾಸ ಚೆಕರ್ಸ್‌ನಲ್ಲಿ ಸಹಿಯಾಯಿತು. ಅಲ್ಲಿನ 2010ರ ಕಾಯ್ದೆಯ ಪ್ರಕಾರ ಒಪ್ಪಂದವನ್ನು ಸಂಸತ್ತಿನ ಮುಂದೆ ಕಲಾಪದ 21 ದಿನ ಇಡಬೇಕು, ಸಾಮಾನ್ಯರ ಸದನ ಬೇಡವೆಂದರೆ ತಡೆಯಬಹುದು. ಆಸ್ಟ್ರೇಲಿಯಾದೊಂದಿಗೆ 2022ರ ಏಪ್ರಿಲ್‌ನಲ್ಲಿ ಸಹಿಯಾಯಿತು. ಅವರ ಸಂಸತ್ತಿನ ಜಂಟಿ ಸಮಿತಿ ಪರಿಶೀಲಿಸಿ, ಸದನಗಳು ನವೆಂಬರಿನಲ್ಲಿ ಮಸೂದೆ ಹಾಯಿಸಿದ ಮೇಲೆ ಡಿಸೆಂಬರ್ 29ರಂದು ಜಾರಿಗೆ ಬಂತು. ಸ್ವಿಟ್ಜರ್ಲೆಂಡ್‌ನಲ್ಲಿ ನೂರು ದಿನದೊಳಗೆ 50 ಸಾವಿರ ಸಹಿ ಸಂಗ್ರಹಿಸಿದರೆ ಒಪ್ಪಂದವನ್ನು ಜನಮತಕ್ಕೇ ಒಯ್ಯಬಹುದು. ಇಂಡೊನೇಷ್ಯಾದೊಂದಿಗಿನ ಅವರ ಒಪ್ಪಂದ 2021ರ ಮಾರ್ಚಿನಲ್ಲಿ ತಾಳೆಎಣ್ಣೆಯ ವಿವಾದದ ನಡುವೆ ಶೇ 51.6 ಮತದಿಂದ ಉಳಿದುಕೊಂಡಿತು. ನಮ್ಮಲ್ಲಿ ಸಂಪುಟದ ಒಪ್ಪಿಗೆ ಸಾಕು. ಸುಂಕ ಇಳಿಸಲು ಹೊಸ ಕಾಯ್ದೆಯೂ ಬೇಡ. 1962ರ ಕಸ್ಟಮ್ಸ್ ಕಾಯ್ದೆಯ 25ನೇ ಕಲಮಿನಡಿ ಹಣಕಾಸು ಸಚಿವಾಲಯ ಹೊರಡಿಸುವ ಅಧಿಸೂಚನೆ ಸಾಕು. ಆಸಿಯಾನ್ ಸರಕುಗಳ ರಿಯಾಯಿತಿ ದರಗಳಿರುವುದು 2011ರ 46ನೇ ಅಧಿಸೂಚನೆಯಲ್ಲಿ. ಕ್ರಮಸಂಖ್ಯೆ, ಸರಕಿನ ಸಂಕೇತ, ದರ. ಸಾಲು ಸಾಲು ಅಂಕಿಗಳು. ಆ ಸಾಲುಗಳಲ್ಲಿ ಒಂದು ಕಾಳುಮೆಣಸಿನದು.

ಬಾಗಿಲು ಹಾಕಿದರೆ ರಾಜಕೀಯ ಹೊರಗುಳಿಯುತ್ತದೆ ಎಂಬ ಮೂರನೆಯ ನಂಬಿಕೆಗೆ ಈ ಕಾಳುಮೆಣಸೇ ಉತ್ತರ. ಮುಚ್ಚಿದ ಬಾಗಿಲಿನ ಒಳಗೂ ರಾಜಕೀಯ ಇರುತ್ತದೆ. ಬಾಗಿಲ ಚಿಲಕ ಯಾರ ಕೈಗೆ ಎಟಕುತ್ತದೋ ಅವರದ್ದು. ಹಾಲಿಗೆ ಒಕ್ಕೂಟಗಳಿವೆ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಹೆಂಗಸಿನಿಂದ ಹಿಡಿದು ಆನಂದ್‌ನ ಅಮುಲ್, ಬೆಂಗಳೂರಿನ ಕೆಎಂಎಫ್ ವರೆಗೆ ಒಂದು ಏಣಿ ಇದೆ, ಆ ಏಣಿಯ ತುದಿಯಲ್ಲಿ ಶಾಸಕರೂ ಮಂತ್ರಿಗಳೂ ಕೂತಿರುತ್ತಾರೆ. ಹಾಗಾಗಿ 2019ರಲ್ಲಿ ಹಾಲಿನ ದನಿ ಕೇಳಿಸಿತು. ಮೆಣಸಿಗೆ ಅಂಥ ಏಣಿ ಇಲ್ಲ. 2009ರ ಆಗಸ್ಟ್ 13ರಂದು ಸಹಿಯಾದ ಆಸಿಯಾನ್ ಒಪ್ಪಂದದಲ್ಲಿ ಮೆಣಸಿನ ಸುಂಕ ಶೇ 70ರಿಂದ 2019ರ ಹೊತ್ತಿಗೆ ಶೇ 50ಕ್ಕೆ, ಕಾಫಿ ಮತ್ತು ಚಹಾದ ಸುಂಕ ಶೇ 100ರಿಂದ 45ಕ್ಕೆ ಇಳಿಯಬೇಕೆಂದು ಬರೆದಾಯಿತು. ಕೇರಳದ ಸರ್ಕಾರವೇ ಬೀದಿಗಿಳಿದು ವಿರೋಧಿಸಿತು, ಆದರೂ ಒಪ್ಪಂದ ಬದಲಾಗಲಿಲ್ಲ. ಅದಕ್ಕೂ ಮೊದಲೇ, 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದಿದ್ದ ಶ್ರೀಲಂಕಾ ಒಪ್ಪಂದದ ದಾರಿ ತೆರೆದಿತ್ತು. ವಿಯೆಟ್ನಾಂನ ಮೆಣಸು ಕೊಲಂಬೊ ಮುಟ್ಟಿ, ಶ್ರೀಲಂಕಾದ ಮೂಲಪತ್ರ ಹೊತ್ತು ನಮ್ಮ ಬಂದರಿಗೆ ಬರುತ್ತಿದೆ ಎಂಬ ದೂರು ಕೊಡಗು, ಹಾಸನ, ಚಿಕ್ಕಮಗಳೂರುಗಳಿಂದ ವರ್ಷಗಟ್ಟಲೆ ಹೋಯಿತು. ಲೀಟರಿಗೆ ಎಷ್ಟು ಗ್ರಾಂ ತೂಗುತ್ತದೆ ಎಂದು ಅಳೆದು ಮೆಣಸಿನ ದರ್ಜೆ ಹೇಳುವ ಗೋಣಿಕೊಪ್ಪದ ವ್ಯಾಪಾರಿಯನ್ನು ಒಪ್ಪಂದಕ್ಕೆ ಮುಂಚೆ ಒಂದು ಮಾತು ಕೇಳಿದ್ದರೆ, ಒಮ್ಮೆ ಚೀಲಕ್ಕೆ ಬಿದ್ದು ಬೆರೆತ ಕಾಳಿನ ಊರನ್ನು ಕಾಗದದಿಂದ ಪತ್ತೆಹಚ್ಚಲಾಗದು, ಮೂಲದೇಶದ ನಿಯಮವನ್ನು ಬೇರೆ ರೀತಿ ಬರೆಯಿರಿ ಎಂದು ಹೇಳುತ್ತಿದ್ದ. ಕೊನೆಗೆ 2017ರ ಡಿಸೆಂಬರಿನಲ್ಲಿ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಹೇರಿತು. ಹದಿನೇಳು ವರ್ಷದ ಮೇಲೆ ಹಾಕಿದ ಆ ತೇಪೆಯೇ, ಮೊದಲು ಕೇಳದೆ ಇದ್ದುದಕ್ಕೆ ಸರ್ಕಾರ ತಾನಾಗಿ ಕೊಟ್ಟ ಸಾಕ್ಷಿ.

ಈ ತೇಪೆ ಹಾಕುವುದಕ್ಕೂ ಒಂದು ಮಿತಿ ಇದೆ. ನಮ್ಮದೇ ಬಜೆಟ್ಟಿನಲ್ಲಿ ಮಾಡಿದ ತಪ್ಪನ್ನು ನಮ್ಮದೇ ಬಜೆಟ್ಟಿನಲ್ಲಿ ತಿದ್ದಬಹುದು. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ಗೂಡಿನ ದರ ಬಿತ್ತು, ರೈತರು ರಸ್ತೆಗಿಳಿದರು, 2013ರ ಬಜೆಟ್ಟಿನಲ್ಲಿ ಸುಂಕ ಶೇ 15ಕ್ಕೆ ಏರಿತು. ಎರಡು ವರ್ಷ ಹೋಯಿತು, ಎಷ್ಟೋ ಹಿಪ್ಪುನೇರಳೆ ತೋಟ ಹೋಯಿತು. ಆದರೂ ತಿದ್ದಲು ಸಾಧ್ಯವಾಯಿತು. ಅದೇ ಶೇ 5ನ್ನು ಒಂದು ಒಪ್ಪಂದದಲ್ಲಿ ಬರೆದುಕೊಟ್ಟಿದ್ದರೆ ಏರಿಸಲು ಎದುರು ದೇಶದ ಒಪ್ಪಿಗೆ ಬೇಕಿತ್ತು, ಇಲ್ಲವೇ ಬೇರೊಂದು ಸರಕಿನಲ್ಲಿ ದಂಡ ತೆರಬೇಕಿತ್ತು. ಮುಂದಿನ ಸರ್ಕಾರವನ್ನೂ, ಅದರ ಮುಂದಿನದನ್ನೂ ಕಟ್ಟಿಹಾಕುವ ಕಾಗದಕ್ಕೆ ಬಜೆಟ್ಟಿಗಿಂತ ಹೆಚ್ಚಿನ ಒಪ್ಪಿಗೆ ಬೇಕು ಎಂಬುದು ಸಹಜ ನ್ಯಾಯ. ನಮ್ಮಲ್ಲಿ ಬಜೆಟ್ಟನ್ನು ಲೋಕಸಭೆ ಅಂಗೀಕರಿಸಬೇಕು, ಒಪ್ಪಂದಕ್ಕೆ ಅದೂ ಬೇಡ.

ಸಂಸತ್ತಿಗೆ ಕೊಟ್ಟರೆ ಒಂದು ಒಪ್ಪಂದವೂ ಪೂರ್ಣವಾಗುವುದಿಲ್ಲ, ಪ್ರತಿ ಸದಸ್ಯನೂ ಒಂದೊಂದು ಸಾಲು ತಿದ್ದುತ್ತಾನೆ ಎಂಬ ಆಕ್ಷೇಪಕ್ಕೆ ಉತ್ತರ ಐವತ್ತು ವರ್ಷದ ಹಿಂದೆಯೇ ಸಿಕ್ಕಿದೆ. 1967ರಲ್ಲಿ ಮುಗಿದ, ಕೆನಡಿ ಸುತ್ತು ಎಂದು ಹೆಸರಾದ ಜಾಗತಿಕ ಸುಂಕ ಮಾತುಕತೆಯಲ್ಲಿ ಅಮೆರಿಕ ಕೆಲವು ರಾಸಾಯನಿಕಗಳ ಮೇಲಿನ ವಿಶೇಷ ಸುಂಕಪದ್ಧತಿ ಕೈಬಿಡಲು ಒಪ್ಪಿತು. ಮನೆಗೆ ಬಂದ ಮೇಲೆ ಅವರ ಕಾಂಗ್ರೆಸ್ ಒಪ್ಪಲಿಲ್ಲ. ಮಾತು ಉಳಿಸಿಕೊಳ್ಳದವರೊಂದಿಗೆ ಮತ್ತೆ ಕೂರುವುದು ಹೇಗೆ ಎಂದು ಉಳಿದ ದೇಶಗಳು ಕೇಳಿದವು. 1974ರ ವ್ಯಾಪಾರ ಕಾಯ್ದೆ ಒಂದು ದಾರಿ ಕಂಡುಕೊಂಡಿತು: ಗುರಿಗಳನ್ನು ಸಂಸತ್ತು ಮೊದಲೇ ಬರೆದುಕೊಡುತ್ತದೆ, ನಡುವೆ ಅದರ ಸಮಿತಿಗಳೊಂದಿಗೆ ಸಮಾಲೋಚನೆ ನಡೆಯುತ್ತದೆ, ಕೊನೆಗೆ ತಿದ್ದುಪಡಿಗೆ ಅವಕಾಶವಿಲ್ಲದೆ ನಿಗದಿತ ದಿನಗಳೊಳಗೆ ಹೌದು ಅಥವಾ ಇಲ್ಲ ಎಂಬ ಒಂದೇ ಮತ. ಸ್ಮೂಟ್-ಹಾಲೆಯ ದರಪಟ್ಟಿ ರಾಜಕೀಯವೂ ಇಲ್ಲ, ಸಂಪುಟದ ಏಕಾಂತವೂ ಇಲ್ಲ. ಈ ನಡುದಾರಿ ನಮಗೂ ತೆರೆದೇ ಇದೆ. ಇನ್ನು ನಮ್ಮ ಪಕ್ಷಾಂತರ ನಿಷೇಧ ಕಾಯ್ದೆಯಿಂದಾಗಿ ವಿಪ್ ಕೊಟ್ಟರೆ ಬಹುಮತದ ಸರ್ಕಾರ ಏನನ್ನಾದರೂ ಹಾಯಿಸುತ್ತದೆ, ಮತದಾನ ಬರೀ ಶಾಸ್ತ್ರ ಎಂಬುದು ಇನ್ನೂ ಗಂಭೀರ ಆಕ್ಷೇಪ. ಅದು ಬಹುಪಾಲು ನಿಜ. ಆದ್ದರಿಂದಲೇ ಕೊನೆಯ ಮತಕ್ಕಿಂತ ಮೊದಲ ಗುರಿಪತ್ರಕ್ಕೂ ಸ್ಥಾಯಿ ಸಮಿತಿಗೂ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಸಮಿತಿಯಲ್ಲಿ ವಿಪ್ ಇಲ್ಲ. ವಿಶ್ವ ವ್ಯಾಪಾರ ಸಂಸ್ಥೆಗೆ ಬುನಾದಿಯಾದ ಡಂಕೆಲ್ ಕರಡಿನ ಬಗ್ಗೆ 1993ರಲ್ಲಿ ಐ.ಕೆ. ಗುಜ್ರಾಲ್ ಅಧ್ಯಕ್ಷತೆಯ ಸಂಸದೀಯ ಸಮಿತಿ ವರದಿ ಕೊಟ್ಟಿತ್ತು. ಹೊರಗೆ ಬೆಂಗಳೂರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಬೀಜದ ಹಕ್ಕಿನ ಪ್ರಶ್ನೆಯನ್ನು ಬೀದಿಯಲ್ಲಿ ಎತ್ತಿತ್ತು. ಎರಡೂ ಇದ್ದವು, ಎರಡಕ್ಕೂ ಸಂಧಾನಕಾರರನ್ನು ಕಟ್ಟುವ ಅಧಿಕಾರವಿರಲಿಲ್ಲ. 1994ರ ಏಪ್ರಿಲ್‌ನಲ್ಲಿ ಮರ‍್ರಾಕೇಶ್‌ನಲ್ಲಿ ಸಹಿ ಬಿತ್ತು. ಸಹಿಯ ಮೇಲೆ ಪೇಟೆಂಟ್ ಕಾಯ್ದೆ ತಿದ್ದುವ ಕೆಲಸ ಮಾತ್ರ ಸಂಸತ್ತಿಗೆ ಬಂತು, ಅಲ್ಲಿ ಹತ್ತು ವರ್ಷ ಎಳೆದಾಡಿತು. ಆ ಎಳೆದಾಟದ ಕೊನೆಗೆ, 2005ರಲ್ಲಿ, ಎಡಪಕ್ಷಗಳ ಪಟ್ಟಿನಿಂದ ಬಿಗಿಯಾದ 3(ಡಿ) ಎಂಬ ಕಲಮು ಹಳೆಯ ಔಷಧಕ್ಕೆ ಹೊಸ ವೇಷ ಹಾಕಿ ಪೇಟೆಂಟ್ ಪಡೆಯುವುದನ್ನು ತಡೆಯಿತು. 2013ರ ಏಪ್ರಿಲ್ 1ರಂದು ನೊವಾರ್ಟಿಸ್‌ನ ಕ್ಯಾನ್ಸರ್ ಔಷಧದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಇದೇ ಕಲಮನ್ನು. ಪರಿಣತರ ಏಕಾಂತದಲ್ಲಿ ಹುಟ್ಟದೆ ಹೋಗಿದ್ದ ರಕ್ಷಣೆಯೊಂದು ಸಂಸತ್ತಿನ ಗದ್ದಲದಲ್ಲಿ ಹುಟ್ಟಿತು.

ಒಳಗಿನ ಕಟ್ಟುಗಳನ್ನೆಲ್ಲ ಬಿಚ್ಚಿದರೆ ಏನಾಗುತ್ತದೆ ಎಂಬುದಕ್ಕೂ 2025 ಉತ್ತರ ಕೊಟ್ಟಿತು. ಅಮೆರಿಕದ ಅಧ್ಯಕ್ಷರು 1977ರ ತುರ್ತು ಅಧಿಕಾರದ ಕಾಯ್ದೆಯೊಂದನ್ನು ಹಿಡಿದು ಕಾಂಗ್ರೆಸ್ಸನ್ನು ಕೇಳದೆ ಸುಂಕ ಹೇರಿದರು. ಆಗಸ್ಟಿನಲ್ಲಿ ಭಾರತದ ಸರಕಿನ ಮೇಲೆ ಅದು ಶೇ 50 ಮುಟ್ಟಿತು. ದಕ್ಷಿಣ ಕೊರಿಯಾಕ್ಕೆ ಕಾಂಗ್ರೆಸ್ಸೇ 2011ರಲ್ಲಿ ಅಂಗೀಕರಿಸಿದ್ದ ಒಪ್ಪಂದವಿತ್ತು, ಅದೂ ತಡೆಯಲಿಲ್ಲ. ಅಂಥ ಸ್ವತಂತ್ರ ಕೈಯೊಂದಿಗೆ ಕುಲುಕಿದ ಒಪ್ಪಂದ ಎಷ್ಟು ದಿನ ಬಾಳುತ್ತದೆ ಎಂದು ಯಾವ ದೇಶವೂ ಧೈರ್ಯವಾಗಿ ಹೇಳಲಾರದು. ಮನೆಯಲ್ಲಿ ಯಾರನ್ನೂ ಕೇಳಬೇಕಿಲ್ಲದವನು ಕೊಟ್ಟ ಮಾತನ್ನು ಮುರಿಯಲೂ ಯಾರನ್ನೂ ಕೇಳಬೇಕಿಲ್ಲ.

ಇಷ್ಟೆಲ್ಲ ಸಂಸತ್ತಿನ ಮಾತಾಯಿತು. ರಾಜ್ಯಗಳ ವಿಷಯ ಇನ್ನೂ ಜಟಿಲ. ನಮ್ಮ ಸಂವಿಧಾನದ ಕೇಂದ್ರ ಪಟ್ಟಿಯ 14ನೇ ಬಾಬು ವಿದೇಶಿ ಒಪ್ಪಂದಗಳದು. ರಾಜ್ಯ ಪಟ್ಟಿಯ 14ನೇ ಬಾಬು ಕೃಷಿ. ಮೊದಲನೆಯದು ಎರಡನೆಯದರ ಮೇಲೆ ಹಾಯ್ದುಹೋಗಲು 253ನೇ ವಿಧಿ ದಾರಿ ಮಾಡಿಕೊಡುತ್ತದೆ. ಸಹಿ ದೆಹಲಿಯದು, ಬೆಲೆ ಬಿದ್ದಾಗ ಪರಿಹಾರ ಕೊಡಬೇಕಾದದ್ದು ಬೆಂಗಳೂರು. ಹಾಲು ಉತ್ಪಾದಕರಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತ ಬಂದಿರುವುದು ರಾಜ್ಯದ ಖಜಾನೆ. ಹಾಲಿನ ಪುಡಿಯ ಸುಂಕವನ್ನು ನಿರ್ಧರಿಸುವ ಕೋಣೆಯಲ್ಲಿ ಆ ಖಜಾನೆಗೆ ಕುರ್ಚಿ ಇಲ್ಲ. ರಾಜ್ಯಗಳನ್ನು ಕೇಳುತ್ತ ಕೂತರೆ ಬೆಲ್ಜಿಯಂನ ಗತಿಯಾದೀತು ಎನ್ನುವವರಿದ್ದಾರೆ: 2016ರ ಅಕ್ಟೋಬರಿನಲ್ಲಿ ವಲೋನಿಯಾ ಎಂಬ ಒಂದು ಪ್ರಾಂತ ಐರೋಪ್ಯ ಒಕ್ಕೂಟ ಮತ್ತು ಕೆನಡಾ ನಡುವಿನ ಒಪ್ಪಂದವನ್ನೇ ತಡೆದು ನಿಲ್ಲಿಸಿತ್ತು. ತಡೆ ಕೆಲವೇ ವಾರಗಳದ್ದು. ಹೂಡಿಕೆದಾರರ ನ್ಯಾಯಮಂಡಳಿಯ ಬಗ್ಗೆ ಸ್ಪಷ್ಟೀಕರಣದ ದಾಖಲೆ ಸೇರಿಸಿ ಅದೇ ತಿಂಗಳ 30ರಂದು ಸಹಿಯಾಯಿತು. ನಮ್ಮ ರಾಜ್ಯಗಳಿಗೆ ತಡೆಯುವ ಅಧಿಕಾರ ಕೊಡಬೇಕೆಂದು ನಾನು ಕೇಳುವುದಿಲ್ಲ. ಇಷ್ಟು ರಾಜ್ಯಗಳ ಒಕ್ಕೂಟದಲ್ಲಿ ಅದು ನಡೆಯುವುದೂ ಇಲ್ಲ. ಕೃಷಿ ಬಾಬುಗಳ ಬಗ್ಗೆ ಲಿಖಿತ ಅಭಿಪ್ರಾಯ ಪಡೆಯಬೇಕು, ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂದು ಬರೆದು ತಿಳಿಸಬೇಕು ಎಂಬಷ್ಟು ಸಾಕು. ಒಪ್ಪಂದ ಮಾಡಿಕೊಳ್ಳುವ ಅಧಿಕಾರವನ್ನು ಸಂಸತ್ತು ಕಾಯ್ದೆಯಿಂದ ನಿಯಂತ್ರಿಸಬೇಕೆಂದು ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ನೇತೃತ್ವದ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲೇ ಶಿಫಾರಸು ಮಾಡಿದೆ. ಯಾವ ಪಕ್ಷದ ಸರ್ಕಾರವೂ ಆ ಕಾಯ್ದೆ ತರಲಿಲ್ಲ.

ದೆಹಲಿ ಕಾಯ್ದೆ ತರುವ ತನಕ ರಾಜ್ಯ ಕಾಯಬೇಕಿಲ್ಲ. ಆದರೆ ಕರ್ನಾಟಕ ತನ್ನ ಅಭಿಪ್ರಾಯ ಬರೆಯಲು ಕೂತರೆ ಮೊದಲು ತನ್ನೊಳಗಿನ ಜಗಳವನ್ನೇ ಎದುರಿಸಬೇಕಾಗುತ್ತದೆ. ಚೀನಾದ ರೇಷ್ಮೆ ನೂಲು ಅಗ್ಗವಾಗಿ ಬಂದರೆ ಶಿಡ್ಲಘಟ್ಟದ ಗೂಡು ಬೆಳೆಗಾರನಿಗೂ ರೀಲರನಿಗೂ ಪೆಟ್ಟು. ಅದೇ ನೂಲಿಗೆ ಸುಂಕ ಏರಿದರೆ ಮೊಳಕಾಲ್ಮೂರಿನ ನೇಕಾರನ ಮಗ್ಗ ನಿಲ್ಲುತ್ತದೆ. ಇಬ್ಬರೂ ನಮ್ಮವರೇ, ಇಬ್ಬರ ಮಾತೂ ಸರಿ. ಇಂಥ ಕಡೆ ‘ದೇಶದ ಹಿತ’ ಎಂಬ ಒಂದೇ ಮಾತಿನಲ್ಲಿ ಯಾರ ನಷ್ಟವನ್ನೂ ಮುಚ್ಚಲಾಗದು. ಎಷ್ಟು ಸುಂಕ, ಯಾವ ದರ್ಜೆಯ ನೂಲಿಗೆ, ಎಷ್ಟು ವರ್ಷ, ಸೋತವನಿಗೆ ಯಾರ ಹಣದಿಂದ ಪರಿಹಾರ ಎಂದು ಸಾಲು ಸಾಲಾಗಿ ಬರೆಯಬೇಕು. ರೇಷ್ಮೆ, ಹಾಲು, ಮೆಣಸು, ಅಡಿಕೆ, ಕಾಫಿ, ತೊಗರಿ ಈ ಆರಕ್ಕಾದರೂ ಅಂಥ ಒಂದು ದಾಖಲೆಯನ್ನು ವಿಧಾನಮಂಡಲದ ಸಮಿತಿ ಬೆಳೆಗಾರರು, ವ್ಯಾಪಾರಿಗಳು, ಬಳಕೆದಾರರನ್ನು ಕರೆಸಿ ಕೇಳಿ, ಸದನದಲ್ಲಿ ಚರ್ಚಿಸಿ, ಮುಂದಿನ ಮಾತುಕತೆ ಶುರುವಾಗುವ ಮುಂಚೆ ವಾಣಿಜ್ಯ ಸಚಿವಾಲಯಕ್ಕೆ ಕಳಿಸಬಹುದು. ಅದಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ, ಕೇಂದ್ರದ ಅನುಮತಿಯೂ ಬೇಕಿಲ್ಲ.